ಪದವಿ ಭರತನಾಟ್ಯದಾಗ, ಬದುಕು ಧಾರವಾಡದಾಗ: ಸಾಧ್ಯ ಅದ ಏನ್ರಿ?

ಸಾಧನಕೇರಿ_ಅವ್ವ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಗಳು ಪಿಯುಸಿ ಕಾಮರ್ಸ್ ಮುಗಿಸ್ಯಾಳ, ಮಾರ್ಕ್ಸ್ ಚಲೋ ಬಂದಾವ. ಸಣ್ಣಾಕಿ ಇದ್ದಾಗಿಂದ ಭರತನಾಟ್ಯ ಕಲೀಲಿಕ್ಕೆ ಹತ್ಯಾಳ, ಗಾಂಧರ್ವ ಮಂಡಳದ ವಿಶಾರದ ಪರೀಕ್ಷಾನೂ ಆಗೇದ. ಈಗ ಬಿಕಾಂ ಬ್ಯಾಡ, ಬಿಪಿಎ (ಪ್ರದರ್ಶಕ ಕಲೆಗಳ ಡಿಗ್ರಿ) ಮಾಡ್ತೀನಿ, ಮೈಸೂರಿಗೆ ಕಳಸ್ರಿ ಅಂತ ಹಟ ಹಿಡದಾಳ. ಅವರಪ್ಪ "ಡಾನ್ಸ್ ಬಿಡು ಅನ್ನಂಗಿಲ್ಲ, ಆದ್ರ ಅದರಾಗ ಡಿಗ್ರಿ ಯಾಕ? ಬಿಕಾಂ ಓದಕೋತ ಸಂಜೀಮುಂದ ಕ್ಲಾಸಿಗೆ ಹೋಗಲಿ" ಅಂತಾರ. ನನಗ ಇಬ್ಬರದೂ ಖರೇ ಅನಸ್ತದ. ಗೊತ್ತಿದ್ದವರು ಬಿಡಿಸಿ ಹೇಳ್ರಿ. ಗುರುಗಳ ಹತ್ರ ಸಿಗಲಾರದ್ದು ಯುನಿವರ್ಸಿಟಿಯೊಳಗ ಏನು ಸಿಗತದ? ಮುಗಿಸಿಕೊಂಡು ಆಕಿ ಇಲ್ಲೇ ವಾಪಸ್ ಬಂದ್ರ ಮುಂದ ಹ್ಯಾಂಗ?

ಉಣಕಲ್_ವಾಸಿ

ಬಾಯಾರ, ಮಾರ್ಕ್ಸ್ ಚಲೋ ಬಂದಾವ ಅಂದಮ್ಯಾಲ ಬಿಕಾಂ ಮಾಡಸ್ರಿ. ಕಲೆ ಎಲ್ಲಿಗೂ ಹೋಗಂಗಿಲ್ಲ. ಕೈಯಾಗ ಒಂದು ನೌಕರಿ ಇದ್ರ ಕಲೆನೂ ನೆಮ್ಮದಿಯಿಂದ ಉಳೀತದ. ನಮ್ಮ ಓಣ್ಯಾಗ ಎಷ್ಟೋ ಹುಡುಗ್ಯಾರು ಹಂಗ ಮಾಡ್ಯಾರ.

ನಟ್ಟುವಾಂಗ_ವಿದ್ಯಾನಗರ

ಅಕ್ಕಾರ, ನಾನು ಹುಬ್ಬಳ್ಳಿಯವಳು. ಬಿಪಿಎ, ಎಂಪಿಎ (ಅದರ ಸ್ನಾತಕೋತ್ತರ ಪದವಿ) ಎರಡನ್ನೂ ಹೊರಗೆ ಹೋಗಿ ಓದಿ ಬಂದು ಈಗ ಇಲ್ಲೇ ಕ್ಲಾಸ್ ನಡೆಸುತ್ತೇನೆ, ಶಾಲೆಗಳಲ್ಲೂ ಕಲಿಸುತ್ತೇನೆ. ಉದ್ದ ಬರೀತೀನಿ, ಸಮಾಧಾನದಿಂದ ಓದ್ರಿ.

ಮೊದಲು ಪರೀಕ್ಷೆಗಳ ವಿಷಯ ಮುಗಿಸಿಬಿಡೋಣ. ನಮ್ಮ ಭಾಗದ ಮಕ್ಕಳು ಹೆಚ್ಚಾಗಿ ಗಾಂಧರ್ವ ಮಂಡಳದ ಪರೀಕ್ಷೆ ಕಟ್ಟುತ್ತಾರೆ, ಪ್ರಾರಂಭಿಕದಿಂದ ಅಲಂಕಾರದವರೆಗೆ. ಮೈಸೂರು-ಬೆಂಗಳೂರು ಕಡೆಯವರು ಜೂನಿಯರ್, ಸೀನಿಯರ್, ವಿದ್ವತ್ ಕಟ್ಟುತ್ತಾರೆ. ಎರಡೂ ಕಲಿಕೆಯ ಮಟ್ಟ ತೋರಿಸುವ ಪರೀಕ್ಷೆಗಳು, ಎರಡಕ್ಕೂ ಮರ್ಯಾದೆ ಇದೆ. ಆದರೆ ಮುಂದೆ ಎಲ್ಲಾದರೂ ಸ್ನಾತಕೋತ್ತರಕ್ಕೆ, ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಕೇಳುವುದು ಪದವಿಯನ್ನು. ವಿಶಾರದ ಪ್ರಮಾಣಪತ್ರ ಒಂದನ್ನೇ ನಂಬಿಕೊಂಡು ಕೂಡಬೇಡಿ. ಅದನ್ನು ಸಮಾನ ಅಂತ ಒಪ್ಪುತ್ತೇವೆ ಎಂದು ಯಾವ ಸಂಸ್ಥೆ ಹೇಳಿದರೂ ಬರವಣಿಗೆಯಲ್ಲೇ ತೊಗೊಳ್ರಿ.

ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂಪಿಎ ಅಥವಾ ಎಂಎಯಲ್ಲಿ ಶೇ 55 ಅಂಕ, ಮೇಲೆ ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ). ಹಿಂದುಳಿದ ವರ್ಗ, ಪರಿಶಿಷ್ಟರಿಗೆ ನೆಟ್ ಬರೆಯಲು ಶೇ 50 ಸಾಕು. ಇದು ಎಲ್ಲರಿಗೂ ಗೊತ್ತಿರುವ ದಾರಿ. ಗೊತ್ತಿಲ್ಲದ ಇನ್ನೊಂದು ದಾರಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಲ್ಲಿದೆ. ಪ್ರದರ್ಶಕ ಕಲೆಗಳಲ್ಲಿ ಹೆಸರಾಂತ ಗುರುಗಳ ಹತ್ತಿರ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ 'ಎ' ದರ್ಜೆ ಪಡೆದು, ಶಾಸ್ತ್ರವನ್ನು ಉದಾಹರಣೆ ಸಮೇತ ವಿವರಿಸಿ ಕಲಿಸಬಲ್ಲ ಕಲಾವಿದರನ್ನೂ ಸಹಾಯಕ ಪ್ರಾಧ್ಯಾಪಕರಾಗಿ ಪರಿಗಣಿಸಬಹುದು. ಅಲ್ಲಿಯೂ ಕನಿಷ್ಠ ಒಂದು ಪದವಿ ಬೇಕೇ ಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನನ್ನ ಅನುಭವದಲ್ಲಿ, ಕುಣಿತ ಕಲಿಯಲಿಕ್ಕೆ ಅಂತ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ನಿರಾಸೆ ಆಗುತ್ತದೆ. ಸೆಮಿಸ್ಟರಿಗೆ ಇಷ್ಟು ನೃತ್ಯಬಂಧ, ಇಷ್ಟು ಥಿಯರಿ ಅಂತ ಪಠ್ಯಕ್ರಮ ಇರುತ್ತದೆ. ಒಂದು ವರ್ಣವನ್ನು (ಭರತನಾಟ್ಯದ ದೊಡ್ಡ ನೃತ್ಯಬಂಧ) ಗುರುಗಳ ಎದುರು ತಿಂಗಳುಗಟ್ಟಲೆ ಹಣ್ಣು ಮಾಡುವ ವ್ಯವಧಾನ ಅಲ್ಲಿ ಇಲ್ಲ. ಅಭಿನಯ ಮಾಗಲು ಬೇಕಾದ ಒಬ್ಬರೆದುರು ಒಬ್ಬರು ಕೂತ ಹೊತ್ತೂ ಕಡಿಮೆ. ಆದರೆ ಕುಣಿತದ ಸುತ್ತಲಿನ ಕಸುಬು ಅಂತ ಒಂದಿದೆಯಲ್ಲ, ಅದನ್ನು ಕಲಿಯಲು ಹೋದರೆ ಕೊಟ್ಟ ವರ್ಷಗಳಿಗೆ ಮೋಸವಿಲ್ಲ. ನಮ್ಮ ಊರಿಗೆ ವಾಪಸ್ ಬರುವವರಿಗಂತೂ ಆ ಕಸುಬೇ ಆಧಾರ.

ನಟ್ಟುವಾಂಗವನ್ನೇ ತೊಗೊಳ್ರಿ, ಅಂದರೆ ಸೊಲ್ಲು ಹೇಳುತ್ತ ತಾಳ ಹಿಡಿದು ಕುಣಿತ ನಡೆಸುವುದು. ನಮ್ಮ ಕಡೆ ಹುಡುಗಿ ಹತ್ತು ವರ್ಷ ಕಲಿತರೂ ತಾಳ ಹಿಡಿಯುವುದು ಗುರುಗಳೇ. ನನ್ನ ಮೊದಲ ನಟ್ಟುವಾಂಗ ತರಗತಿಯಲ್ಲಿ ಕೈಗೆ ಎರಡು ತಾಳ ಕೊಟ್ಟರು, ಒಂದು ಉಕ್ಕಿನದು, ಒಂದು ಕಂಚಿನದು. ಎದುರಿಗೆ ಸಹಪಾಠಿ ಬರೀ ತಟ್ಟಡವು (ಕಾಲು ತಟ್ಟುವ ಮೊದಲ ಹೆಜ್ಜೆ) ಮಾಡುತ್ತಿದ್ದಳು. "ತೈಯ್ಯಾ ತೈ" ಅಂತ ಬಾಯಲ್ಲಿ ಹೇಳಬೇಕು, ಕೈ ಅದೇ ಸೊಲ್ಲನ್ನು ತಾಳದಲ್ಲಿ ನುಡಿಸಬೇಕು, ಕಣ್ಣು ಅವಳ ಹಿಮ್ಮಡಿಯ ಮೇಲಿರಬೇಕು. ಮೊದಲ ಕಾಲ, ಅಂದರೆ ನಿಧಾನದ ವೇಗ, ಸರಿಹೋಯಿತು. ಎರಡನೇ ಕಾಲಕ್ಕೆ ಹೋದಾಗ ಬಾಯಿ ಮುಂದೆ ಓಡಿತು. ಮೂರನೇ ಕಾಲದಲ್ಲಿ ಹೊಡೆದ ತಾಳದ ನಾದವನ್ನು ತಕ್ಷಣ ಅಡಗಿಸದಿದ್ದರೆ ಮುಂದಿನ ಸೊಲ್ಲೇ ಕೇಳಿಸುವುದಿಲ್ಲ. ತಾಳದ ಅಂಚನ್ನು ಎಷ್ಟು ಓರೆಯಾಗಿ ತಾಗಿಸಬೇಕು, ಕಿರುಬೆರಳು ಯಾವಾಗ ಒತ್ತಬೇಕು ಅನ್ನುವುದಕ್ಕೇ ಒಂದು ಸೆಮಿಸ್ಟರ್ ಹಿಡಿಯಿತು. ಇವತ್ತು ಶಿಷ್ಯೆಯರ ಕಾರ್ಯಕ್ರಮಕ್ಕೆ ನಾನು ಬೆಂಗಳೂರಿನಿಂದ ನಟ್ಟುವನಾರರನ್ನು ಕರೆಸಬೇಕಾಗಿಲ್ಲ. ಬೇರೆ ಗುರುಗಳ ಶಿಷ್ಯೆಯರಿಗೂ ಹೋಗಿ ತಾಳ ಹಿಡಿಯುತ್ತೇನೆ, ಅದೂ ಒಂದು ಆದಾಯ.

ಎರಡನೆಯದು ಶಾಸ್ತ್ರ. ಅಸಂಯುತ ಹಸ್ತ (ಒಂದೇ ಕೈಯ ಮುದ್ರೆ) 28 ಎಂದು ಶ್ಲೋಕ ಒಪ್ಪಿಸುವುದು ಎಲ್ಲ ಕ್ಲಾಸಿನಲ್ಲೂ ಇದೆ. ಆದರೆ ನಾವು ಈಗ ಆಡುವ ಮಾರ್ಗ, ಅಂದರೆ ಅಲರಿಪುವಿನಿಂದ ತಿಲ್ಲಾನದವರೆಗಿನ ಕ್ರಮ, 19ನೇ ಶತಮಾನದಲ್ಲಿ ತಂಜಾವೂರಿನ ನಾಲ್ವರು ಸಹೋದರರ ಕೈಯಲ್ಲಿ ರೂಪ ತಾಳಿತು ಅನ್ನುವುದು, ಅವರಲ್ಲಿ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು ಅನ್ನುವುದು, ಈ ಕಲೆಯನ್ನು ಕಾಪಾಡಿಕೊಂಡು ಬಂದ ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ವೇದಿಕೆಯಿಂದ ಹೇಗೆ ಹೊರಗುಳಿದರು ಅನ್ನುವುದು, ಇವನ್ನೆಲ್ಲ ನಾನು ಕೂತು ಓದಿದ್ದು ವಿಶ್ವವಿದ್ಯಾಲಯದಲ್ಲಿ. ಇದನ್ನು ತಿಳಿಯದೆ ಕಲಿಸುವುದು ನನಗೆ ಈಗ ಸರಿ ಅನ್ನಿಸುವುದಿಲ್ಲ.

ಇನ್ನು ಬೋಧನೆಯ ಅಭ್ಯಾಸ, ಬೆಳಕು, ಪ್ರಸಾಧನ, ಪ್ರಬಂಧ ಬರೆಯುವುದು. ಇವು ಕಾಲೇಜಿನಿಂದ ಕಾಲೇಜಿಗೆ ಬೇರೆ. ಸೇರುವ ಮೊದಲು ಪಠ್ಯಕ್ರಮ ತರಿಸಿಕೊಂಡು ನಟ್ಟುವಾಂಗಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆಯೇ, ತರಗತಿಗೆ ಜೀವಂತ ಮೃದಂಗ ಇರುತ್ತದೆಯೋ ಮೊಬೈಲ್ ಟ್ರ್ಯಾಕೋ, ನೆಲ ಮರದ್ದೋ ಗ್ರಾನೈಟೋ, ಈ ಮೂರನ್ನು ಖುದ್ದಾಗಿ ಹೋಗಿ ನೋಡಿ ಬನ್ನಿ.

ಗದಗ_ತಬಲಾ

ಅಕ್ಕಾರು ಹೇಳಿದ್ದಕ್ಕ ನಂದೂ ಒಂದು ಮಾತು. ನಮ್ಮದು ಹಿಂದೂಸ್ತಾನಿ ಸೀಮಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲತವರು, ಧಾರವಾಡದ ಸಂಗೀತ ಕಾಲೇಜಿನಾಗ ಕಲತವರು ತಬಲಾ, ಹಾರ್ಮೋನಿಯಂ, ಸಿತಾರಕ್ಕ ಎಷ್ಟು ಮಂದಿ ಬೇಕು ಅಷ್ಟು ಸಿಗತಾರ. ಮೃದಂಗ, ಕರ್ನಾಟಕಿ ಹಾಡಿಕೆಗೆ ಹುಡುಕ್ಯಾಡಬೇಕು. ಅದಕ್ಕ ಇಲ್ಲಿ ಭರತನಾಟ್ಯ ಅಂದ್ರ ರೆಕಾರ್ಡಿಂಗ್ ಹಾಕಿ ಕುಣಿಯೂದೇ ರೂಢಿ ಆಗಿಬಿಟ್ಟದ.

ನನ್ನ ಡಾನ್ಸಿಗೆ ಕರೀತಾರ. ನುಡಿಸ್ತೀನಿ. ಆದ್ರ ನಾವು ಠೇಕಾ (ತಾಳದ ಮೂಲ ಬೋಲು) ಹಿಡದು ಆವರ್ತನ ನಡಸಾವರು. ಭರತನಾಟ್ಯಕ್ಕ ಕಾಲಿನ ಸೊಲ್ಲು ಯಾವುದೋ ಅದನ್ನ ಎತ್ತಿ ನುಡಿಸಬೇಕು. ಮುಕ್ತಾಯ ಬಂದಾಗ ಹುಡುಗಿ ಎಲ್ಲಿ ಕಾಲು ಇಡತಾಳ ಅಂತ ಮೊದಲ ಗೊತ್ತಿರಬೇಕು. ಜತಿಯ (ಸೊಲ್ಲು ಜೋಡಿಸಿ ಕಟ್ಟಿದ ತುಂಡಿನ) ಲೆಕ್ಕಾ ನನಗ ಯಾರರ ಬಿಡಿಸಿ ಹೇಳಿದ್ರ ನಾ ಅದನ್ನ ತಬಲಾದ ಬೋಲಿಗೆ ಕೂಡಸ್ತೀನಿ. ಹೇಳಾವರ ಇಲ್ಲ. ಬಹಳಷ್ಟು ಹುಡುಗ್ಯಾರಿಗೆ ತಾವು ಕುಣಿಯೋ ಜತಿ ಎಷ್ಟು ಅಕ್ಷರದ್ದು ಅಂತ ಕೇಳಿದ್ರ ಗುರುಗಳ ಮುಖಾ ನೋಡ್ತಾರ. ನಿಮ್ಮ ಮಗಳು ಯುನಿವರ್ಸಿಟಿಗೆ ಹೋಗಿ ಲೆಕ್ಕಾ ಕಲತು ಬಂದ್ರ ನಮ್ಮಂಥಾವರಿಗೂ ಕೆಲಸ ಹುಟ್ಟತದ್ರಿ.

ಘುಂಗ್ರೂ_ಕೊಪ್ಪಿಕರ್_ರೋಡ್

ಗದಗ ಅಣ್ಣಾರ ಮಾತು ಓದಿ ಹೇಳಬೇಕು ಅನಿಸಿತು. ನಾನು ಕಥಕ್. ಹಾರ್ಮೋನಿಯಂ ಮೇಲೆ ಲೆಹರಾ (ತಾಳದ ಸುತ್ತು ತೋರಿಸುವ ರಾಗದ ಸಾಲು) ಹಿಡಿಯುವವರು, ಎದುರಿಗೆ ತಬಲಾ, ಎರಡಕ್ಕೂ ಈ ಅವಳಿನಗರದಲ್ಲಿ ನನಗೆ ಎಂದೂ ಕೊರತೆ ಆಗಿಲ್ಲ. ಧಾರವಾಡದ ಕೇಳುಗರಿಗೆ ತಿಹಾಯಿ (ಮೂರು ಸಲ ಹೇಳುವ ಬೋಲು) ಬಂದು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಿದ್ದರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಆ ಕ್ಷಣಕ್ಕೆ "ವಾಹ್" ಬರುತ್ತದೆ. ಈ ಊರಿನ ಕಿವಿ ಅಷ್ಟು ತಯಾರಾಗಿದೆ. ಭರತನಾಟ್ಯದವರು ಈ ಕಿವಿಯನ್ನು ಬಳಸಿಕೊಂಡಿಲ್ಲ ಅಂತ ನನಗೆ ಬೇಸರ. ತಂಗಿ ಎಲ್ಲಿಗೆ ಹೋಗಿ ಕಲಿತರೂ ಒಂದು ಸೆಮಿಸ್ಟರ್ ಕಥಕ್ ಅಥವಾ ಬೇರೆ ಶೈಲಿ ಐಚ್ಛಿಕವಾಗಿ ಸಿಕ್ಕರೆ ತೊಗೊಳ್ಳಲಿ.

ಸಾಧನಕೇರಿ_ಮಗಳು

ನಮಸ್ಕಾರ. ಈ ಚರ್ಚೆ ಯಾರ ಬಗ್ಗೆ ಅದನೋ ಅವಳು ನಾನೇ. ಅವ್ವ ಓದಿ ಹೇಳಿದ್ಲು, ನಾನೂ ಖಾತೆ ತೆರೆದೆ. ನಟ್ಟುವಾಂಗ ಅಕ್ಕಾ, ಎರಡು ಪ್ರಶ್ನೆ. ನೆಟ್‌ಗೆ ಈಗಿಂದ ಓದಬೇಕಾ? ಮತ್ತೆ ಪದವಿಯೊಳಗೆ ಪ್ರಬಂಧ ಅಂತ ಇರ್ತದಂತ, ಅದಕ್ಕೆ ಇಲ್ಲಿಯ ವಿಷಯ ಇಟ್ಟುಕೊಂಡು ಮಾಡಬಹುದಾ? ನನಗೆ ತೆಲುಗು, ತಮಿಳು ಪದಗಳಿಗೇ ಅಭಿನಯ ಮಾಡಿ ಮಾಡಿ, ಕನ್ನಡದಲ್ಲಿ ಏನರ ಮಾಡಬೇಕು ಅಂತ ಬಹಳ ದಿವಸದ ಆಸೆ.

ನಟ್ಟುವಾಂಗ_ವಿದ್ಯಾನಗರ

ತಂಗೀ, ನೆಟ್ ಈಗಲೇ ಬೇಡ, ಅದರ ಸ್ವರೂಪ ಮಾತ್ರ ತಿಳಿದಿರಲಿ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ತಾಸು. ಮೊದಲನೆಯದು ಎಲ್ಲರಿಗೂ ಒಂದೇ, ಬೋಧನೆ ಮತ್ತು ಸಂಶೋಧನೆಯ ಸಾಮಾನ್ಯ ಜ್ಞಾನ. ಎರಡನೆಯದರಲ್ಲಿ ನೃತ್ಯ, ನಾಟಕ, ರಂಗಭೂಮಿ ಮೂರನ್ನೂ ಒಂದೇ ವಿಷಯ ಮಾಡಿದ್ದಾರೆ. ಹಾಗಾಗಿ ಬರೀ ಭರತನಾಟ್ಯ ಓದಿದವರು ಅಲ್ಲಿ ತಡವರಿಸುತ್ತಾರೆ. ಧಾರವಾಡದಲ್ಲಿದ್ದೀ, ನಾಟಕ ನೋಡುವುದನ್ನು ಈಗಿಂದ ಬಿಡಬೇಡ.

ಎರಡನೆಯ ಪ್ರಶ್ನೆ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಗದಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ ಇದ್ದಾನಲ್ಲ, ಅವನ ಭಾಮಿನಿ ಷಟ್ಪದಿಯ ಲೆಕ್ಕ ಬಿಡಿಸಿ ನೋಡು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಸಣ್ಣ ಸಾಲಿಗೆ 14. ಅಂದರೆ ಮಿಶ್ರಛಾಪು ತಾಳದ ಏಳಕ್ಕೆ ಸಾಲು ತಾನಾಗಿ ಬಂದು ಕೂಡುತ್ತದೆ. ಮೂರನೇ ಮತ್ತು ಆರನೇ ಸಾಲು ಮಾತ್ರ ಉದ್ದ. ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಆ ಗುರುವಿನ ಮುಂದೆ ಏಳು ತುಂಬಲು ಐದು ಮಾತ್ರೆಯ ಜಾಗ ಖಾಲಿ ಉಳಿಯುತ್ತದೆ. ನಾನು ಎಂಪಿಎ ಪ್ರಬಂಧಕ್ಕೆ ಈ ಖಾಲಿ ಜಾಗವನ್ನೇ ಹಿಡಿದುಕೊಂಡೆ. ಆ ಐದು ಮಾತ್ರೆಯಲ್ಲಿ ಗಾಯಕಿ ಸುಮ್ಮನಿರುತ್ತಾಳೆ, ಕಾಲು ಮಾತಾಡುತ್ತದೆ, ಅಥವಾ ಕಾಲೂ ನಿಂತು ಕಣ್ಣು ಮಾತ್ರ ತಿರುಗುತ್ತದೆ. ಮಾಡಿದಷ್ಟೂ ಮುಗಿಯದ ವಿಷಯ ಇದು.

ಅದು ಬೇಡ ಅಂದರೆ ಬಾಡದ ಕನಕದಾಸರ ಕೀರ್ತನೆಗಳಿವೆ, ಶಿಶುವಿನಹಾಳದ ಶರೀಫರ ತತ್ವಪದಗಳಿವೆ, ಎರಡೂ ಊರು ಒಂದೇ ಶಿಗ್ಗಾವಿ ತಾಲ್ಲೂಕಿನವು. ಅಕ್ಕಮಹಾದೇವಿಯ ವಚನಗಳಿಗೆ ತಾಳವಿಲ್ಲ. ತಾಳವಿಲ್ಲದ್ದಕ್ಕೆ ಅಭಿನಯ ಹೇಗೆ ಕಟ್ಟಬೇಕು ಅನ್ನುವುದೇ ಒಂದು ಪ್ರಬಂಧ ಆದೀತು.

ಹಾವೇರಿ_ಹೆಜ್ಜೆ

ಅಕ್ಕಾರ, ಶಿಗ್ಗಾವಿ ಹೆಸರು ಬಂತು ಅಂತ ಬರೀತೀನ್ರಿ. ನಮ್ಮ ಗೊಟಗೋಡಿಯೊಳಗ 2011ರಾಗ ಶುರುವಾದ ಜಾನಪದ ವಿಶ್ವವಿದ್ಯಾಲಯ ಐತಿ. ನೃತ್ಯ ಅಂದಕೂಡ್ಲೆ ಎಲ್ಲಾರೂ ಮೈಸೂರು, ಬೆಂಗಳೂರು, ಚೆನ್ನೈ ಅಂತಾರ. 1936ರಾಗ ಶುರುವಾದ ಚೆನ್ನೈನ ಕಲಾಕ್ಷೇತ್ರದ ಹೆಸರು ಎಲ್ಲಾರಿಗೂ ಬಾಯಾಗ ಐತಿ. ನಮ್ಮ ಜಿಲ್ಲಾದ ಪುರವಂತರ ಹೆಜ್ಜೆ, ಡೊಳ್ಳಿನ ಹೆಜ್ಜೆ ಯಾರೂ ನೋಡಂಗಿಲ್ಲ. ದೊಡ್ಡಾಟದಾಗ ರಾಜನ ಪಾತ್ರ ಅಷ್ಟು ಭಾರದ ಕಿರೀಟ, ಭುಜಕೀರ್ತಿ ಹೊತ್ಗೊಂಡು ರಂಗಕ್ಕ ಬಂದು ಹೆಜ್ಜಿ ಹಾಕೂದನ್ನ ಒಮ್ಮಿ ನೋಡ್ರಿ. ಮೊಣಕಾಲು ಎಷ್ಟು ಬಗ್ಗತಾವು, ಭಾರ ಯಾವ ಕಾಲಿನ ಮ್ಯಾಲ ಇರತೈತಿ ಅನ್ನೂದು ಯಾವ ಪುಸ್ತಕದಾಗೂ ಸಿಗಂಗಿಲ್ಲ. ನಮ್ಮೂರ ಮ್ಯಾಳದಾಗ ಅದನ್ನ ಕಲಿಸೋ ಹಿರ್ಯಾರು ಇನ್ನೂ ಅದಾರ, ಕಲಿಯೋ ಹುಡುಗರು ಕಮ್ಮಿ. ತಂಗಿ ರಜಾಕ್ಕ ಬಂದಾಗ ಬರಲಿ, ನಾ ಕರಕೊಂಡು ಹೋಗ್ತೀನಿ. ಜೊತಿಗೆ ಅವರ ಅವ್ವನೂ ಬರಲಿ.

ಫಿಜಿಯೋ_ಸತ್ತೂರ

ಸಣ್ಣದೊಂದು ಸೂಚನೆ. ನನ್ನ ಹತ್ತಿರ ಬರುವ ನೃತ್ಯ ವಿದ್ಯಾರ್ಥಿನಿಯರ ದೂರು ಹೆಚ್ಚಾಗಿ ಮೊಣಕಾಲಿನ ಕೆಳಗಿನ ಮುಂಗಾಲೆಲುಬಿನ ನೋವು, ಮೊಣಕಾಲು ನೋವು, ಸೊಂಟ ನೋವು. ಸಿಮೆಂಟ್, ಗ್ರಾನೈಟ್ ನೆಲದ ಮೇಲೆ ದಿನಾ ತಟ್ಟಿದರೆ ಪೆಟ್ಟು ಎಲುಬಿಗೆ ವಾಪಸ್ ಬರುತ್ತದೆ. ಮನೆಯಲ್ಲಿ ಒಂದು ತಾಸು ಕ್ಲಾಸ್ ಮಾಡುತ್ತಿದ್ದವರು ಪದವಿಗೆ ಸೇರಿದ ಮೊದಲ ತಿಂಗಳಲ್ಲೇ ನಾಲ್ಕೈದು ತಾಸು ಕುಣಿಯತೊಡಗುತ್ತಾರೆ, ತೊಂದರೆ ಆಗ ಶುರು. ಹೋಗುವ ಮೊದಲೇ ಅಭ್ಯಾಸದ ಹೊತ್ತನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಮೀನಖಂಡಕ್ಕೆ ಬಲ ಬರುವ ವ್ಯಾಯಾಮ ಮಾಡಿ. ಅರಮಂಡಿಯಲ್ಲಿ (ಮೊಣಕಾಲು ಹೊರಕ್ಕೆ ಬಗ್ಗಿಸಿ ಅರ್ಧ ಕೂತ ಭಂಗಿ) ಪಾದವನ್ನು ಒತ್ತಾಯದಿಂದ ಹೊರಳಿಸಬೇಡಿ, ತಿರುವು ಸೊಂಟದ ಕೀಲಿನಿಂದ ಬರಬೇಕು. ಒಂದೇ ಬಿಂದುವಿನಲ್ಲಿ ಒತ್ತಿದರೆ ಚುರುಕ್ ಅನ್ನುವ ನೋವಿದ್ದರೆ ಕುಣಿಯುವುದನ್ನು ನಿಲ್ಲಿಸಿ ತೋರಿಸಿ.

ಲೆಕ್ಕಪತ್ರ_ಕೇಶ್ವಾಪುರ

ನನ್ನ ಮಗಳೂ ನೃತ್ಯದಲ್ಲೇ ಇದ್ದಾಳೆ, ನಾನು ಲೆಕ್ಕ ಬರೆಯುವವನು. ಕಲಾವಿದರ ಹಣದ ವ್ಯವಹಾರ ನೋಡಿ ಸಂಕಟ ಆಗುತ್ತದೆ, ಅದಕ್ಕೆ ಬರೀತೀನಿ.

ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಒಂದು ಪುಟದ ಕರಾರು ಇರಲಿ. ಸಂಭಾವನೆ ಎಷ್ಟು, ಪಕ್ಕವಾದ್ಯದವರದ್ದು ಅದರೊಳಗೋ ಬೇರೆಯೋ, ಪ್ರಯಾಣ ಯಾರದು, ಹಣ ಯಾವ ತಾರೀಖಿಗೆ, ವಿಡಿಯೋ ಯಾರು ಎಲ್ಲಿ ಹಾಕಬಹುದು. ಮಗಳ ತಂಡಕ್ಕೆ ಒಂದು ಸಂಸ್ಥೆ ಬಾಯಿಮಾತಿನಲ್ಲೇ ಕರೆಸಿ, ಹಣಕ್ಕೆ ಒಂದು ವರ್ಷ ಅಲೆದಾಡಿಸಿತು. ಹಿಮ್ಮೇಳದವರಿಗೆ ನಾನು ಕೈಯಿಂದ ಕೊಟ್ಟೆ.

ಶಾಸ್ತ್ರೀಯ ಅಥವಾ ಜಾನಪದ ನೃತ್ಯ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಸಂಸ್ಥೆಯವರು ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಮುರಿದುಕೊಂಡರೆ ಗಾಬರಿ ಬೇಡ. ಪಾನ್ ಸರಿಯಾಗಿ ಕೊಟ್ಟು ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ, ತೆರಿಗೆ ಬಾರದಿದ್ದರೆ ಹಣ ವಾಪಸ್ ಬರುತ್ತದೆ. ರಿಟರ್ನ್ ಪ್ರತಿಗಳು ಮುಂದೆ ಸಾಲಕ್ಕೆ, ವೀಸಾಕ್ಕೆ ಬೇಕಾಗುತ್ತವೆ.

ಇನ್ನೊಂದು, ನೀವು ಸಂಯೋಜಿಸಿದ ನೃತ್ಯ ನಿಮ್ಮ ಸ್ವತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆಯೂ ನಾಟಕ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ಅದು ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ತಲೆಯಲ್ಲಷ್ಟೇ ಇಟ್ಟುಕೊಂಡರೆ ಹಕ್ಕು ಸಾಧಿಸಲಾಗದು. ಜತಿ, ಸಾಹಿತ್ಯ, ರಂಗದ ಮೇಲಿನ ಚಲನೆ ಬರೆದಿಟ್ಟು ತಾರೀಖು ಹಾಕಿ, ವಿಡಿಯೋ ಮಾಡಿಡಿ.

ತಾಯಿಯವರಿಗೆ: ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಇದೆ. ಅಧಿಸೂಚನೆ ಬಂದಾಗ ಮಗಳು ಅರ್ಜಿ ಹಾಕಲಿ.

ಸಾಧನಕೇರಿ_ಅಪ್ಪ

ಮನೆಯವರು ತೋರಿಸಿದರು, ಎಲ್ಲಾ ಓದಿದೆ. ಎಲ್ಲರಿಗೂ ಧನ್ಯವಾದ. ನನಗ ಡಾನ್ಸ್ ಮ್ಯಾಲ ಸಿಟ್ಟಿಲ್ರಿ. ಅರಂಗೇಟ್ರಕ್ಕ (ಆಕಿ ಮೊದಲ ವೇದಿಕೆ ಕಾರ್ಯಕ್ರಮಕ್ಕ) ಸಾಲಾ ಮಾಡಿದಾಂವ ನಾನs. ಆಕಿ ನಾಳೆ ಯಾರ ಮುಂದೂ ಕೈ ಚಾಚಬಾರದು ಅನ್ನೂದಷ್ಟ ನನ್ನ ಚಿಂತಿ. ಶಾಲ್ಯಾಗ ನೌಕರಿ ಸಿಗತದ ಏನ್ರಿ? ಬಿಕಾಂ ಜೊತಿಗೆ ಮಾಡಲಿಕ್ಕೆ ಬರತದ ಏನು?

ನಟ್ಟುವಾಂಗ_ವಿದ್ಯಾನಗರ

ಅಣ್ಣಾರ, ನಿಮ್ಮ ಚಿಂತೆ ನ್ಯಾಯವಾದದ್ದು. ಶಾಲೆಯ ಮಾತು ನೇರವಾಗಿ ಹೇಳ್ತೀನಿ: ಕಾಯಂ ಸರ್ಕಾರಿ ನೃತ್ಯ ಶಿಕ್ಷಕಿ ಹುದ್ದೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲಸ ಕೊಡುವುದು ಖಾಸಗಿ ಶಾಲೆಗಳು. ಸಿಬಿಎಸ್‌ಇ 11 ಮತ್ತು 12ನೇ ತರಗತಿಗೆ ಭರತನಾಟ್ಯ, ಕಥಕ್ ಮುಂತಾದವನ್ನು ಐಚ್ಛಿಕ ವಿಷಯವಾಗಿ ಇಟ್ಟಿದೆ. ಪಠ್ಯ ವಿಷಯವಾಗಿ ನೃತ್ಯ ಕಲಿಸಲು ಪದವೀಧರರೇ ಬೇಕು ಅಂತ ಕೇಳುತ್ತಾರೆ. ಆದರೆ ವಾರ್ಷಿಕೋತ್ಸವದ ಎರಡು ತಿಂಗಳು ಸಿನಿಮಾ ಹಾಡಿಗೆ ಕುಣಿಸು, ಉಳಿದ ಹತ್ತು ತಿಂಗಳು ಬಾರದಿದ್ದರೂ ನಡೀತದೆ ಅನ್ನುವ ಶಾಲೆಗಳೂ ಇವೆ. ಅಂಥಲ್ಲಿ ಸೇರುವ ಮೊದಲು ವಾರಕ್ಕೆ ಎಷ್ಟು ಪಿರಿಯಡ್ ಅಂತ ಬರೆಸಿಕೊಳ್ಳಬೇಕು.

ಇಲ್ಲಿ ಬದುಕುವವಳ ಆದಾಯ ಒಂದೇ ಕಡೆಯಿಂದ ಬರುವುದಿಲ್ಲ. ಸಂಜೆಯ ಕ್ಲಾಸು, ಶಾಲೆ, ನಟ್ಟುವಾಂಗ, ಕಾರ್ಯಕ್ರಮ, ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದು, ಎಲ್ಲ ಕೂಡಿದರೆ ಮನೆ ನಡೆಯುತ್ತದೆ. ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದರೆ ಕ್ಲಾಸು ಖಾಲಿ, ಆ ತಿಂಗಳಿಗೆ ಮೊದಲೇ ತೆಗೆದಿಡಬೇಕು.

ಬಿಕಾಂ ಬಗ್ಗೆ: 2022ರಿಂದ ಯುಜಿಸಿ ಒಟ್ಟಿಗೆ ಎರಡು ಪದವಿ ಓದಲು ಅನುಮತಿ ಕೊಟ್ಟಿದೆ. ಒಂದನ್ನು ತರಗತಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಇದೆ. ಆದರೆ ಮೊದಲ ವರ್ಷ ಎರಡನ್ನೂ ಹೊರಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಿನವಿಡೀ ಕುಣಿದು ಬಂದ ಮೈ ರಾತ್ರಿ ಲೆಕ್ಕಶಾಸ್ತ್ರಕ್ಕೆ ಕೂಡುವುದಿಲ್ಲ. ಎರಡನೇ ವರ್ಷಕ್ಕೆ ಅವಳನ್ನೇ ಕೇಳಿ ನಿರ್ಧಾರ ಮಾಡ್ರಿ. ಗುರುಗಳ ಹತ್ತಿರ ಪಾಠ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು, ರಜೆಗೆ ಬಂದಾಗಲೆಲ್ಲ ಹೋಗಲಿ.

ಸಾಧನಕೇರಿ_ಮಗಳು

ಅಕ್ಕಾ, ಅಪ್ಪ "ಮೊದಲು ಹೋಗಿ ಕಾಲೇಜು ನೋಡಿ ಬರೂಣು" ಅಂದ್ರು! ಮೂವರೂ ಹೊಂಟೀವಿ. ಗದಗ ಅಣ್ಣಾ, ಅಲ್ಲಿವರೆಗೆ ನನ್ನ ಜತಿಸ್ವರದ ಲೆಕ್ಕ ನಾನೇ ಬರೆದು ತಂದ್ರ ನೀವು ತಬಲಾದಾಗ ಕೂಡಿಸಿ ನೋಡ್ತೀರಾ?

ಗದಗ_ತಬಲಾ

ತಾರವಾ. ಅಕ್ಷರ ಎಣಿಸಿ, ಎಲ್ಲಿ ಎತ್ತಗಡಿ, ಎಲ್ಲಿ ಮುಕ್ತಾಯ ಅಂತ ಕೆಂಪು ಪೆನ್ನಿನಾಗ ಗುರುತು ಮಾಡಿ ತಾ. ಧಾರವಾಡಕ್ಕ ನಾನೂ ವಾರಕ್ಕೊಮ್ಮೆ ಪಾಠ ಹೇಳಲಿಕ್ಕೆ ಬರ್ತೀನಿ. ನಿಮ್ಮ ಗುರುಗಳನ್ನೂ ಕೇಳು, ಅವರೂ ಕೂಡ್ತಾರಂದ್ರ ಇನ್ನೂ ಚಲೋ, ತಪ್ಪಿದಲ್ಲಿ ಅಲ್ಲೇ ತಿದ್ದಕೋಬಹುದು.